ಉಡುಪಿ ಜಿಲ್ಲೆಯಲ್ಲಿ ನಗರ ಜೀವನೋಪಾಯ ಯೋಜನೆಗಳು

ಪಟ್ಟಣಗಳಲ್ಲಿ ವಾಸಿಸುವ ಬಡ ಕುಟುಂಬಗಳಿಗೆ ಸ್ಥಿರವಾದ ದುಡಿಮೆ ಒದಗಿಸಲು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಸ್ಥಳೀಯ ಸಂಸ್ಥೆಗಳ ಮೂಲಕ ನಡೆಸುವ ಕಾರ್ಯಕ್ರಮಗಳನ್ನು ನಗರ ಜೀವನೋಪಾಯ ಯೋಜನೆಗಳು ಎನ್ನಲಾಗುತ್ತದೆ. ಕರ್ನಾಟಕದ ಕರಾವಳಿಯ ಉಡುಪಿ ಜಿಲ್ಲೆಯಲ್ಲಿ ಉಡುಪಿ ನಗರಸಭೆ, ಕಾರ್ಕಳ, ಕುಂದಾಪುರ ಮತ್ತು ಕಾಪು ಪುರಸಭೆಗಳು ಹಾಗೂ ಸಾಲಿಗ್ರಾಮ ಪಟ್ಟಣ ಪಂಚಾಯಿತಿ ಇಂತಹ ಸ್ಥಳೀಯ ಸಂಸ್ಥೆಗಳಾಗಿವೆ. ಮಣಿಪಾಲಕ್ಕೆ ಪ್ರತ್ಯೇಕ ಪೌರಸಂಸ್ಥೆ ಇಲ್ಲ. ಅದು ಉಡುಪಿ ನಗರಸಭೆಯ ವ್ಯಾಪ್ತಿಗೆ ಸೇರಿದೆ. ಆದ್ದರಿಂದ ಮಣಿಪಾಲದ ಬೀದಿ ವ್ಯಾಪಾರಿಯು ಗುರುತಿನ ಚೀಟಿಗಾಗಲಿ ಸಾಲದ ಶಿಫಾರಸಿಗಾಗಲಿ ಈ ನಗರಸಭೆಯನ್ನೇ ಆಶ್ರಯಿಸಬೇಕಾಗುತ್ತದೆ.

ಹಿನ್ನೆಲೆ

ದಿನಗೂಲಿಯವರ ಸಣ್ಣ ಹಣವನ್ನು ಒಗ್ಗೂಡಿಸುವ ಪ್ರಯತ್ನ ಈ ಭಾಗದಲ್ಲಿ ಸರ್ಕಾರಿ ಯೋಜನೆಗಳಿಗಿಂತ ಹಳೆಯದು. 1925ರಲ್ಲಿ ಟಿ. ಎಂ. ಎ. ಪೈ, ಉಪೇಂದ್ರ ಅನಂತ ಪೈ ಮತ್ತು ವಾಮನ ಕುಡ್ವ ಅವರು ಉಡುಪಿಯಲ್ಲಿ ಸ್ಥಾಪಿಸಿದ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಯಿತು. ಸ್ಥಳೀಯ ನೇಕಾರರಿಗೆ ನೆರವಾಗುವುದು ಅದರ ಆರಂಭದ ಉದ್ದೇಶಗಳಲ್ಲೊಂದು. 1928ರಲ್ಲಿ ಅದು ಪಿಗ್ಮಿ ಠೇವಣಿಯನ್ನು ಜಾರಿಗೆ ತಂದಿತು. ಬ್ಯಾಂಕಿನ ಪ್ರತಿನಿಧಿ ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಸಂಗ್ರಹಿಸುತ್ತಿದ್ದರು. ಮಣಿಪಾಲದಲ್ಲಿ ಪ್ರಧಾನ ಕಚೇರಿ ಹೊಂದಿದ್ದ ಈ ಬ್ಯಾಂಕು 1969ರಲ್ಲಿ ರಾಷ್ಟ್ರೀಕರಣಗೊಂಡು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.

ಸರ್ಕಾರದ ಮಟ್ಟದಲ್ಲಿ 1989ರ ನೆಹರು ರೋಜಗಾರ್ ಯೋಜನೆಯೂ ಸೇರಿದಂತೆ ಹಿಂದಿನ ಕಾರ್ಯಕ್ರಮಗಳನ್ನು ಒಟ್ಟುಗೂಡಿಸಿ 1997ರ ಡಿಸೆಂಬರ್‌ನಲ್ಲಿ ಸ್ವರ್ಣ ಜಯಂತಿ ಶಹರಿ ರೋಜಗಾರ್ ಯೋಜನೆ ಆರಂಭವಾಯಿತು. ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದೂ ಅದೇ ವರ್ಷದ ಆಗಸ್ಟ್‌ನಲ್ಲಿ.

ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ

2013ರ ಸೆಪ್ಟೆಂಬರ್‌ನಲ್ಲಿ ಸ್ವರ್ಣ ಜಯಂತಿ ಯೋಜನೆಯ ಸ್ಥಾನದಲ್ಲಿ ಈ ಅಭಿಯಾನ ಬಂದಿತು. ಮೊದಲು ಇದು ಒಂದು ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಮತ್ತು ಜಿಲ್ಲಾ ಕೇಂದ್ರಗಳಿಗೆ ಸೀಮಿತವಾಗಿತ್ತು. ಉಡುಪಿ ಎರಡೂ ಲೆಕ್ಕದಲ್ಲಿ ಸೇರುತ್ತಿತ್ತು. 2016ರಲ್ಲಿ ಎಲ್ಲ ಶಾಸನಬದ್ಧ ಪಟ್ಟಣಗಳಿಗೂ ವಿಸ್ತರಣೆಯಾದ ಬಳಿಕವೇ ಕಾರ್ಕಳ, ಕಾಪುವಿನಂತಹ ಸಣ್ಣ ಪಟ್ಟಣಗಳಿಗೆ ದಾರಿ ತೆರೆಯಿತು. ಆ ವೇಳೆಗೆ ಅದರ ಹೆಸರಿಗೆ ದೀನದಯಾಳ್ ಅಂತ್ಯೋದಯ ಯೋಜನೆ ಎಂಬುದು ಸೇರಿತ್ತು.

ಅಭಿಯಾನದ ತಳಹದಿ ಸ್ವಸಹಾಯ ಗುಂಪು. ಹತ್ತರಿಂದ ಇಪ್ಪತ್ತು ಮಂದಿಯ ಗುಂಪಿನಲ್ಲಿ ಕನಿಷ್ಠ ಶೇ. 70ರಷ್ಟು ಸದಸ್ಯರು ನಗರ ಬಡವರಾಗಿರಬೇಕು. ಉಳಿತಾಯ ಮತ್ತು ಮರುಪಾವತಿಯನ್ನು ಕ್ರಮವಾಗಿ ನಡೆಸಿದ ಗುಂಪಿಗೆ 10,000 ರೂಪಾಯಿ ಸುತ್ತುನಿಧಿ ದೊರೆಯುತ್ತಿತ್ತು. ಸ್ವಂತ ಉದ್ಯೋಗಕ್ಕೆ ವ್ಯಕ್ತಿಗೆ 2 ಲಕ್ಷ, ಗುಂಪಿಗೆ 10 ಲಕ್ಷ ರೂಪಾಯಿವರೆಗೆ ಬ್ಯಾಂಕ್ ಸಾಲ, ಶೇ. 7ನ್ನು ಮೀರಿದ ಬಡ್ಡಿಯನ್ನು ಸರ್ಕಾರ ಭರಿಸುತ್ತಿತ್ತು. ಸಕಾಲದಲ್ಲಿ ಮರುಪಾವತಿಸಿದ ಮಹಿಳಾ ಗುಂಪುಗಳಿಗೆ ಇನ್ನೂ ಶೇ. 3ರ ರಿಯಾಯಿತಿ ಇತ್ತು. ಸಾಲ ಕೊಡುವುದು ಸರ್ಕಾರವಲ್ಲ, ಬ್ಯಾಂಕು ಎಂಬುದನ್ನು ಗಮನಿಸಬೇಕು. ಪೌರಸಂಸ್ಥೆ ಶಿಫಾರಸು ಮಾಡಿದ ಅರ್ಜಿಯನ್ನೂ ಬ್ಯಾಂಕು ತಿರಸ್ಕರಿಸಬಹುದಾಗಿತ್ತು. ಕೌಶಲ ತರಬೇತಿ ಮತ್ತು ನಿರಾಶ್ರಿತರ ವಸತಿಗೃಹ ಇದರ ಇತರ ಅಂಗಗಳು. ಅಭಿಯಾನದ ಅವಧಿ 2024ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು.

ಬೀದಿ ವ್ಯಾಪಾರಿಗಳು

ಬೀದಿ ವ್ಯಾಪಾರಿಗಳಿಗೆ ಸಂಬಂಧಿಸಿದಂತೆ ನೆರವಿನ ಜೊತೆಗೆ ಕಾನೂನಿನ ಹಕ್ಕೂ ಇದೆ. 2014ರ ಮೇ 1ರಂದು ಜಾರಿಗೆ ಬಂದ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯು ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ನಡೆಸಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ವಿತರಣೆಯಾಗುವವರೆಗೆ ಯಾರನ್ನೂ ಎತ್ತಂಗಡಿ ಮಾಡುವಂತಿಲ್ಲ. ಸಮಿತಿಯ ಕನಿಷ್ಠ ಶೇ. 40ರಷ್ಟು ಸದಸ್ಯರು ವ್ಯಾಪಾರಿಗಳೇ ಆರಿಸಿದವರಾಗಿದ್ದು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಾಗಿರಬೇಕು. ಜನಸಂಖ್ಯೆಯ ಶೇ. 2.5ರಷ್ಟು ವ್ಯಾಪಾರಿಗಳಿಗೆ ಅವಕಾಶವಿರಬೇಕೆಂಬುದು ಕಾಯ್ದೆಯ ಮಾನದಂಡ. 2011ರ ಜನಗಣತಿಯಂತೆ ಸುಮಾರು 1.45 ಲಕ್ಷ ಜನರಿದ್ದ ಉಡುಪಿ ನಗರಕ್ಕೆ ಇದು ಸುಮಾರು 3,600 ಮಂದಿಯಾಗುತ್ತದೆ.

ಕೋವಿಡ್ ದಿಗ್ಬಂಧನದ ನಂತರ 2020ರ ಜೂನ್‌ನಲ್ಲಿ ಪಿಎಂ ಸ್ವನಿಧಿ ಯೋಜನೆ ಆರಂಭವಾಯಿತು. ಅಡಮಾನವಿಲ್ಲದೆ ಮೊದಲ ಕಂತಿನಲ್ಲಿ 10,000, ತೀರಿಸಿದ ಮೇಲೆ 20,000, ಆನಂತರ 50,000 ರೂಪಾಯಿ ಸಾಲ ಹಾಗೂ ಶೇ. 7ರ ಬಡ್ಡಿ ಸಹಾಯಧನ ಇದರ ಸ್ವರೂಪ. ಸಮೀಕ್ಷೆಯಲ್ಲಿ ಹೆಸರು ಬಿಟ್ಟುಹೋದವರು ಸ್ಥಳೀಯ ಸಂಸ್ಥೆಯ ಶಿಫಾರಸು ಪತ್ರದ ಮೇಲೆ ಅರ್ಜಿ ಸಲ್ಲಿಸಬಹುದು. 2025ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಸಂಪುಟವು ಯೋಜನೆಯನ್ನು 2030ರ ಮಾರ್ಚ್‌ವರೆಗೆ ವಿಸ್ತರಿಸಿ, ಮೊದಲೆರಡು ಕಂತುಗಳನ್ನು 15,000 ಮತ್ತು 25,000 ರೂಪಾಯಿಗೆ ಏರಿಸಿತು.

ಸ್ಥಳೀಯ ಪರಿಸ್ಥಿತಿ

ಕರಾವಳಿಯ ಪಟ್ಟಣಗಳಲ್ಲಿ ದುಡಿಮೆ ಋತುಮಾನಕ್ಕೆ ಕಟ್ಟುಬಿದ್ದಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮಲ್ಪೆ ಬಂದರನ್ನು ನಂಬಿದ ಮೀನು ಮಾರುವ ಮಹಿಳೆಯರ ಆದಾಯ ಕುಗ್ಗುತ್ತದೆ. ಅದೇ ತಿಂಗಳುಗಳ ಮಳೆ ತಳ್ಳುಗಾಡಿಯವರನ್ನೂ ಬಾಧಿಸುತ್ತದೆ. ಮಣಿಪಾಲದ ವ್ಯಾಪಾರ ವಿದ್ಯಾರ್ಥಿಗಳನ್ನು ಅವಲಂಬಿಸಿದ್ದು, ರಜೆಯಲ್ಲಿ ಇಳಿಯುತ್ತದೆ. ಉಡುಪಿಯ ರಥಬೀದಿಯ ಸುತ್ತ ಎರಡು ವರ್ಷಕ್ಕೊಮ್ಮೆ ಬರುವ ಪರ್ಯಾಯೋತ್ಸವ ಇದಕ್ಕೆ ವಿರುದ್ಧವಾಗಿ ಕೆಲವೇ ದಿನಗಳಲ್ಲಿ ದೊಡ್ಡ ಗಳಿಕೆ ತರುತ್ತದೆ. ಹನ್ನೆರಡು ತಿಂಗಳೂ ಒಂದೇ ಮೊತ್ತದ ಕಂತು ಕೇಳುವ ಸಾಲಕ್ಕೆ ಇಂತಹ ಆದಾಯ ಹೊಂದುವುದು ಕಷ್ಟ. ದಿನದ ಗಳಿಕೆಗೆ ತಕ್ಕಂತೆ ಹಣ ಪಡೆಯುತ್ತಿದ್ದ ಪಿಗ್ಮಿ ಪದ್ಧತಿ ಈ ದೃಷ್ಟಿಯಿಂದ ಹೆಚ್ಚು ಹೊಂದಿಕೊಳ್ಳುವಂತಿತ್ತು.

ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳದ್ದು ಮತ್ತೊಂದು ತೊಡಕು. ಅವರ ಪಡಿತರ ಚೀಟಿ, ಮತದಾರರ ಪಟ್ಟಿಯ ಹೆಸರು ಹೆಚ್ಚಾಗಿ ಊರಿನಲ್ಲೇ ಇರುತ್ತವೆ. ಸ್ಥಳೀಯ ವಿಳಾಸದ ದಾಖಲೆ ಇಲ್ಲದೆ ಸ್ವಸಹಾಯ ಗುಂಪು ಸೇರುವುದು, ಬ್ಯಾಂಕ್ ಸಾಲ ಪಡೆಯುವುದು ಸುಲಭವಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಲು ಅವರಿಗೆ ಅವಕಾಶವಿದೆ. ಆದರೆ ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ಕಟ್ಟಡ ಕೆಲಸ ಮಾಡಿರುವುದಕ್ಕೆ ಪ್ರಮಾಣಪತ್ರ ಬೇಕು.