ರಾಯಚೂರಿನ ಊಟದ ತಟ್ಟೆ



ರಾಯಚೂರಿಗೆ ಹೋದವರು ಮೊದಲು ಕೋಟೆ ನೋಡುತ್ತಾರೆ. ನೀವೂ ನೋಡಿ. 1294ರ ಶಾಸನ ಹೊತ್ತ ಆ ಉದ್ದನೆಯ ಕಲ್ಲನ್ನೂ, ಅದನ್ನು ಬಂಡಿಯಲ್ಲಿ ಎಳೆದು ತಂದ ರೇಖಾಚಿತ್ರವನ್ನೂ ಕಣ್ತುಂಬಿಕೊಳ್ಳಿ. ಅಷ್ಟು ಹೊತ್ತಿಗೆ ಹಸಿವಾಗಿರುತ್ತದೆ. ಒಂದು ಖಾನಾವಳಿ ಹುಡುಕಿ ಕುಳಿತುಕೊಳ್ಳಿ. ಇತಿಹಾಸ ಅಲ್ಲಿಯೂ ಇದೆ.

ತಟ್ಟೆಗೆ ಮೊದಲು ಬೀಳುವುದು ಜೋಳದ ರೊಟ್ಟಿ. ಜೊತೆಗೆ ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಜೋಳದಲ್ಲಿಲ್ಲ. ಅದಕ್ಕೇ ಹಿಟ್ಟಿಗೆ ಕುದಿಯುವ ನೀರು ಹಾಕಿ, ಪಿಷ್ಟವನ್ನು ಅರೆಬೇಯಿಸಿ, ಕೈಯಿಂದ ಬಡಿಯುತ್ತಾರೆ. ವಿಜ್ಞಾನ ಓದಿದ ನನಗೆ ಇದು ಗೊತ್ತಾದದ್ದು ಕಾಲೇಜಿನಲ್ಲಲ್ಲ, ಒಲೆಯ ಮುಂದೆ!

ಕೃಷ್ಣಾ-ತುಂಗಭದ್ರೆಯರ ನಡುವಿನ ಈ ದೋಆಬ್‌ಗಾಗಿ ರಾಜರು ಬಡಿದಾಡಿದ್ದನ್ನು ನೀವು ಓದಿದ್ದೀರಿ. 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿದ್ದು ಇಲ್ಲಿಯೇ. ಆ ಯುದ್ಧವನ್ನು ಬಣ್ಣಿಸಿದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್, ದಂಡಿನ ಬಿಡಾರದಲ್ಲೇ ತುಂಬಿದ ಸಂತೆ ಇತ್ತೆಂದು ಬರೆಯುತ್ತಾನೆ. ಎರಡು ಕಡೆ ನದಿ ಹರಿದರೂ ನಡುವಿನ ಎರೆಹೊಲಕ್ಕೆ ಮಳೆಯೇ ಗತಿ. ಹಿಂಗಾರಿಯಲ್ಲಿ ಬಿತ್ತಿದ ಬಿಳಿಜೋಳ ಕರಿಮಣ್ಣು ಹಿಡಿದಿಟ್ಟ ತೇವದಲ್ಲೇ ಬೆಳೆದು ತೆನೆ ಕಟ್ಟುತ್ತದೆ.

ತಟ್ಟೆಯ ಅನ್ನದ ಕಥೆ ಬೇರೆ. 1945ರಲ್ಲಿ ಹೈದರಾಬಾದ್ ಸಂಸ್ಥಾನವೂ ಮದ್ರಾಸ್ ಪ್ರಾಂತ್ಯವೂ ಸೇರಿ ತುಂಗಭದ್ರಾ ಅಣೆಕಟ್ಟಿಗೆ ಕೈಹಾಕಿದವು. ಕೆಲಸ ಮುಗಿಯುವಷ್ಟರಲ್ಲಿ, 1948ರಲ್ಲಿ, ನಿಜಾಮರ ಆಳ್ವಿಕೆಯೇ ಮುಗಿದಿತ್ತು. 1953ರಲ್ಲಿ ನೀರು ಬಂತು. 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಎಡದಂಡೆ ಕಾಲುವೆ ಮಾನ್ವಿಯ ಕಡೆಗೆ ಹರಿದಂತೆ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ದೇವದುರ್ಗ ಮಾತ್ರ ಬಹುಕಾಲ ಕಾಯಬೇಕಾಯಿತು. ಅದಕ್ಕೆ ನೀರು ತಂದದ್ದು ಕೃಷ್ಣೆಯ ನಾರಾಯಣಪುರ ಬಲದಂಡೆ ಕಾಲುವೆ. ಬಿರಿಯಾನಿ, ಚಹಾದಂಗಡಿಗಳ ರುಚಿಯಲ್ಲಿ ಹೈದರಾಬಾದಿನ ನಂಟು ಉಳಿದಿದೆ. ಸಂಜೆಯ ಮಂಡಕ್ಕಿ-ಮಿರ್ಚಿಗೆ ಯಾವ ರಾಜನ ಹಂಗೂ ಇಲ್ಲ, ಮರೆಯದೆ ತಿನ್ನಿ.

ಅನ್ನ ಬಂದದ್ದು ತಪ್ಪೆಂದು ನಾನು ಹೇಳಲಾರೆ. ಬರದಲ್ಲಿ ಗುಳೆ ಹೋದ ಮನೆಗಳಿಗೆ ಅದು ಬದುಕು ಕೊಟ್ಟಿತು. ಆದರೆ ಮಾನ್ವಿ, ರಾಯಚೂರು ಇರುವುದು ಕಾಲುವೆಯ ಕೊನೆಯ ಭಾಗದಲ್ಲಿ. ಮೇಲಿನವರು ನೀರು ಹಿಡಿದುಕೊಂಡ ವರ್ಷ ಇಲ್ಲಿಯ ಭತ್ತ ಒಣಗುತ್ತದೆ. ಜೋಳಕ್ಕೆ ಆ ಭಯವಿರಲಿಲ್ಲ. ಈಗ ಖಾನಾವಳಿಯಲ್ಲಿ ರೊಟ್ಟಿ ಕೇಳುವವರು ಹೆಚ್ಚಿದ್ದಾರೆ, ಸುತ್ತಲಿನ ನೀರಾವರಿ ಹೊಲದಲ್ಲಿ ಜೋಳ ಬಿತ್ತುವವರು ಕಡಿಮೆಯಾಗಿದ್ದಾರೆ.

ಮಾನ್ವಿಯಲ್ಲಿ ಉಂಡು ಏಳುವ ಮೊದಲು ರೊಟ್ಟಿ ಬಡಿಯುವ ಅವ್ವನನ್ನು ಕೇಳಿ: “ಯವ್ವಾ, ಈ ಜ್ವಾಳ ಯಾವ ಊರಿಂದು?” ಆ ಊರಿನ ಹೆಸರು ಬರೆದುಕೊಂಡು, ಅದಕ್ಕೆ ಕಾಲುವೆ ಮುಟ್ಟಿದೆಯೋ ಇಲ್ಲವೋ ನಕಾಶೆಯಲ್ಲಿ ನೋಡಿ.