ಐಷಾರಾಮಿ ಮತ್ತು ಸಾಮಾನ್ಯ ಕಾರುಗಳ ನಡುವಿನ ಎಂಜಿನ್ ಹಂಚಿಕೆ

ಎಂಜಿನ್ ಹಂಚಿಕೆ ಎಂದರೆ ಒಂದೇ ವಿನ್ಯಾಸದ ಎಂಜಿನ್ನನ್ನು ಬೇರೆ ಬೇರೆ ಬ್ರ್ಯಾಂಡ್‌ಗಳ ಕಾರುಗಳಲ್ಲಿ ಬಳಸುವ ಪದ್ಧತಿ. ಒಂದೇ ಒಡೆತನದ ಐಷಾರಾಮಿ ಮತ್ತು ಸಾಮಾನ್ಯ ಬ್ರ್ಯಾಂಡ್‌ಗಳ ನಡುವೆ ಇದು ಹೆಚ್ಚಾಗಿ ಕಂಡುಬರುತ್ತದೆ. ಪ್ರತ್ಯೇಕ ಕಂಪನಿಗಳು ಒಪ್ಪಂದ ಮಾಡಿಕೊಂಡು ಎಂಜಿನ್ ರೂಪಿಸುವುದೂ ಉಂಟು.

ಕಾರಣಗಳು

ಹೊಸ ಎಂಜಿನ್ನಿನ ವಿನ್ಯಾಸ, ಪರೀಕ್ಷೆ, ಮಾಲಿನ್ಯ ನಿಯಮಗಳ ಪಾಲನೆ ಮತ್ತು ತಯಾರಿಕಾ ಯಂತ್ರಗಳಿಗೆ ಅಪಾರ ಬಂಡವಾಳ ಬೇಕಾಗುತ್ತದೆ. ಅದೇ ಎಂಜಿನ್ ಹಲವು ಮಾದರಿಗಳಲ್ಲಿ ಬಳಕೆಯಾದರೆ ಪ್ರತಿ ಕಾರಿನ ಮೇಲೆ ಬೀಳುವ ವೆಚ್ಚ ಇಳಿಯುತ್ತದೆ.

ಉದಾಹರಣೆಗಳು

ಫೋಕ್ಸ್‌ವ್ಯಾಗನ್ ಸಮೂಹದ ಇಎ888 ಸರಣಿಯ 2.0 ಲೀಟರ್ ಟರ್ಬೋ ಪೆಟ್ರೋಲ್ ಎಂಜಿನ್ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ, ಸ್ಕೋಡಾ ಆಕ್ಟೇವಿಯಾ ಮತ್ತು ಆಡಿ ಎ4 ಕಾರುಗಳಲ್ಲಿ ಬಳಕೆಯಾಗಿದೆ. ಟೊಯೋಟಾ ಕ್ಯಾಮ್ರಿ ಮತ್ತು ಲೆಕ್ಸಸ್ ಇಎಸ್ 300ಎಚ್ ಕಾರುಗಳಲ್ಲಿ 2.5 ಲೀಟರ್ ಪೆಟ್ರೋಲ್-ಹೈಬ್ರಿಡ್ ಎಂಜಿನ್ ಇದೆ. ಈ ಲೆಕ್ಸಸ್ ಕಾರಿನ ಜೋಡಣೆ 2020ರಲ್ಲಿ ಕರ್ನಾಟಕದ ಬಿಡದಿಯಲ್ಲಿ ಆರಂಭವಾಯಿತು. ಡೈಮ್ಲರ್ ಮತ್ತು ರೆನಾಲ್ಟ್-ನಿಸ್ಸಾನ್ ಕೂಟ ಜೊತೆಯಾಗಿ ರೂಪಿಸಿದ 1.3 ಲೀಟರ್ ಟರ್ಬೋ ಪೆಟ್ರೋಲ್ ಎಂಜಿನ್ ಮರ್ಸಿಡಿಸ್-ಬೆಂಜ್ ಎ-ಕ್ಲಾಸ್ ಮತ್ತು ರೆನಾಲ್ಟ್ ಡಸ್ಟರ್ ಎರಡರಲ್ಲೂ ಬಂದಿತು.

ವ್ಯತ್ಯಾಸಗಳು

ಎಂಜಿನ್ ಒಂದೇ ಆದರೂ ಕಾರು ಒಂದೇ ಆಗುವುದಿಲ್ಲ. ಟರ್ಬೋಚಾರ್ಜರ್, ನಿಯಂತ್ರಕ ತಂತ್ರಾಂಶ ಮತ್ತು ಗೇರ್‌ಬಾಕ್ಸ್ ಬದಲಾದಂತೆ ಎಂಜಿನ್ನಿನ ಶಕ್ತಿಯೂ ಚಾಲನೆಯ ಸ್ವಭಾವವೂ ಬದಲಾಗುತ್ತವೆ. ಗಾಲ್ಫ್‌ನಲ್ಲಿ ಎಂಜಿನ್ ಅಡ್ಡಲಾಗಿ ಕೂತರೆ ಆಡಿ ಎ4ರಲ್ಲಿ ಅದು ಉದ್ದಕ್ಕೆ ಕೂರುತ್ತದೆ. ಶಬ್ದ ಮತ್ತು ಕಂಪನ ಒಳಗೆ ಬಾರದಂತೆ ತಡೆಯುವ ಏರ್ಪಾಟು ಐಷಾರಾಮಿ ಕಾರುಗಳಲ್ಲಿ ಸಾಮಾನ್ಯವಾಗಿ ಹೆಚ್ಚಿರುತ್ತದೆ.

1977ರ ವಿವಾದ

ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯಲ್ಲಿ ಷೆವ್ರೊಲೆ ಸಾಮಾನ್ಯ ವರ್ಗದ ಬ್ರ್ಯಾಂಡ್. ಓಲ್ಡ್ಸ್‌ಮೊಬೈಲ್ ಅದಕ್ಕಿಂತ ಮೇಲಿನದಾಗಿತ್ತು, ತನ್ನ ‘ರಾಕೆಟ್’ ವಿ8 ಎಂಜಿನ್ನಿಗೆ ಹೆಸರಾಗಿತ್ತು. 1977ರ ಮಾದರಿಯ ಹಲವು ಓಲ್ಡ್ಸ್‌ಮೊಬೈಲ್ ಕಾರುಗಳಿಗೆ ಷೆವ್ರೊಲೆಯ ಎಂಜಿನ್ ಅಳವಡಿಸಲಾಗಿತ್ತು. ಎರಡರ ಗಾತ್ರವೂ 350 ಘನ ಅಂಗುಲ (ಸುಮಾರು 5.7 ಲೀಟರ್) ಆಗಿದ್ದರೂ ವಿನ್ಯಾಸ ಬೇರೆಯಾಗಿತ್ತು. ಓಲ್ಡ್ಸ್‌ಮೊಬೈಲ್‌ನ ಆಯಿಲ್ ಫಿಲ್ಟರ್, ಫ್ಯಾನ್ ಬೆಲ್ಟ್‌ಗಳು ಹೊಂದದೆ ಹೋದಾಗ ವಿಷಯ ಬಯಲಾಯಿತು. ಇಲಿನಾಯ್ ರಾಜ್ಯ ಮೊಕದ್ದಮೆ ಹೂಡಿತು. ಇತರ ರಾಜ್ಯಗಳೂ ಗ್ರಾಹಕರೂ ಅದನ್ನು ಅನುಸರಿಸಿದರು. ಆ ವರ್ಷದ ಕೊನೆಯಲ್ಲಿ ಹಲವು ರಾಜ್ಯಗಳೊಡನೆ ಆದ ರಾಜಿಯ ಪ್ರಕಾರ ಪ್ರತಿ ಗ್ರಾಹಕರಿಗೆ 200 ಡಾಲರ್ ಮತ್ತು ಹೆಚ್ಚುವರಿ ವಾರಂಟಿ ನೀಡಲು ಕಂಪನಿ ಒಪ್ಪಿತು. ಮುಂದೆ, ತನ್ನ ಕಾರುಗಳ ಎಂಜಿನ್‌ಗಳು ವಿವಿಧ ವಿಭಾಗಗಳಲ್ಲಿ ತಯಾರಾಗುತ್ತವೆ ಎಂಬ ಸೂಚನೆಯನ್ನು ಜಾಹೀರಾತುಗಳಲ್ಲಿ ಮುದ್ರಿಸತೊಡಗಿತು. ಷೆವ್ರೊಲೆ ಎಂಜಿನ್ ಕೆಟ್ಟದ್ದೆಂಬುದು ಇಲ್ಲಿನ ಮುಖ್ಯ ದೂರಾಗಿರಲಿಲ್ಲ. ಖರೀದಿಗೆ ಮುನ್ನ ಅದನ್ನು ತಿಳಿಸಲಿಲ್ಲ ಎಂಬುದೇ ದೂರಾಗಿತ್ತು.