ಕಾರ್ನೆಗಿಯ ಗಳಿಕೆಯೂ ದಾನವೂ

ದಾನಶೀಲರ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕೊಟ್ಟ ಕೈಯನ್ನು ವರ್ಣಿಸುವರು. ಗಳಿಸಿದ ಕೈಯನ್ನು ನೋಡುವವರು ವಿರಳ. ಉಕ್ಕಿನ ವ್ಯಾಪಾರದಿಂದ ಲೋಕದ ಮಹಾಧನಿಕರಲ್ಲೊಬ್ಬನಾಗಿ, ಆ ಧನದ ಬಹುಭಾಗವನ್ನು ತಾನು ಬದುಕಿರುವಾಗಲೇ ಹಂಚಿದ ಆಂಡ್ರೂ ಕಾರ್ನೆಗಿಯ ಜೀವನವನ್ನು ತಿಳಿಯಬೇಕಾದರೆ ಎರಡು ಕೈಗಳನ್ನೂ ನೋಡಬೇಕು.

ಕಾರ್ನೆಗಿಯು 1835ರಲ್ಲಿ ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್ ಪಟ್ಟಣದ ಕೈಮಗ್ಗದ ನೇಕಾರನೊಬ್ಬನ ಮಗನಾಗಿ ಹುಟ್ಟಿದನು. ಹಬೆಯಿಂದ ನಡೆಯುವ ಮಗ್ಗಗಳು ಬಂದು ತಂದೆಯ ಕಸುಬು ಕೆಡಲು, ಆ ಕುಟುಂಬವು 1848ರಲ್ಲಿ ಅಮೆರಿಕೆಗೆ ವಲಸೆ ಹೋಯಿತು. ಬಾಲಕನು ಹತ್ತಿಯ ಗಿರಣಿಯೊಂದರಲ್ಲಿ ವಾರಕ್ಕೆ 1 ಡಾಲರು 20 ಸೆಂಟುಗಳ ಕೂಲಿಗೆ ಸೇರಿ, ತರುವಾಯ ಪಿಟ್ಸ್‌ಬರ್ಗಿನ ತಂತಿಯ ಕಛೇರಿಯಲ್ಲಿ ತಂತಿ ಹಂಚುವ ಹುಡುಗನಾದನು. ಆ ಪ್ರಾಂತದ ಕರ್ನಲ್ ಜೇಮ್ಸ್ ಆಂಡರ್ಸನ್ ಎಂಬ ಸಜ್ಜನನು ಶನಿವಾರಗಳಲ್ಲಿ ತನ್ನ ಪುಸ್ತಕಗಳನ್ನು ದುಡಿಯುವ ಹುಡುಗರಿಗೆ ಎರವಲು ಕೊಡುತ್ತಿದ್ದನು. ಆ ಉಪಕಾರವನ್ನು ಕಾರ್ನೆಗಿಯು ಕಡೆಯವರೆಗೂ ಮರೆಯಲಿಲ್ಲ.

ರೈಲ್ವೆಯ ಕೆಲಸದಿಂದಲೂ ಪಾಲುಬಂಡವಾಳದಿಂದಲೂ ಆತನು ಬೇಗನೆ ಐಶ್ವರ್ಯವಂತನಾದನು. 1868ರಲ್ಲಿ, ಮೂವತ್ತಮೂರನೆಯ ವಯಸ್ಸಿನಲ್ಲಿ, ತನಗಾಗಿಯೇ ಒಂದು ಚೀಟಿಯನ್ನು ಬರೆದಿಟ್ಟುಕೊಂಡನು. ಎರಡು ವರ್ಷಗಳಲ್ಲಿ ವ್ಯಾಪಾರವನ್ನು ಬಿಡಬೇಕು; ವರ್ಷಕ್ಕೆ 50,000 ಡಾಲರಿಗೆ ಮಿಕ್ಕುದನ್ನು ಪರೋಪಕಾರಕ್ಕೆ ಕೊಡಬೇಕು; ಧನವನ್ನೇ ದೇವರೆಂದು ಪೂಜಿಸುವವನು ಹೀನನಾಗುವನು ಎಂಬುದು ಅದರ ತಾತ್ಪರ್ಯ. ಆದರೆ ಎರಡು ವರ್ಷಗಳ ಆ ಗಡುವು ಮೂವತ್ತನ್ನು ಮೀರಿತು.

1886ರಲ್ಲಿ ಆತನು ಪತ್ರಿಕೆಯೊಂದರಲ್ಲಿ ಕೂಲಿಗಾರರು ಸಂಘ ಕಟ್ಟುವ ಹಕ್ಕನ್ನು ಎತ್ತಿಹಿಡಿದನು. ಒಬ್ಬನ ಕೆಲಸವನ್ನು ಮತ್ತೊಬ್ಬನು ಕಸಿಯಬಾರದೆಂಬ ಅವರ ಧರ್ಮವನ್ನು ಮನ್ನಿಸಿದನು. 1889ರಲ್ಲಿ ಐಶ್ವರ್ಯವನ್ನು ಕುರಿತ ಪ್ರಸಿದ್ಧ ಲೇಖನದಲ್ಲಿ, ಧನಿಕನು ಸಮಾಜದ ಧನಕ್ಕೆ ಧರ್ಮಕರ್ತನು ಮಾತ್ರನೆಂದು ಪ್ರತಿಪಾದಿಸಿದನು. ಇದು ಬಹಿರಂಗದ ಮಾತು. 1892ರಲ್ಲಿ ಮನಾಂಗಹೀಲಾ ನದಿಯ ದಡದ ಹೋಮ್‌ಸ್ಟೆಡ್ ಕಾರಖಾನೆಯಲ್ಲಿ ಕೂಲಿಯ ಒಪ್ಪಂದ ಮುಗಿಯುವ ಕಾಲ ಬಂದಾಗ, ಕಾರ್ನೆಗಿಯು ಬ್ರಿಟನ್ನಿನಲ್ಲಿದ್ದುಕೊಂಡು, ಏನು ಮಾಡಿದರೂ ತನ್ನ ಒಪ್ಪಿಗೆಯುಂಟೆಂದು ವ್ಯವಸ್ಥಾಪಕ ಹೆನ್ರಿ ಫ್ರಿಕ್ಕನಿಗೆ ಖಾಸಗಿಯಾಗಿ ಬರೆದನು. ಫ್ರಿಕ್ಕನು ಕಾರಖಾನೆಯ ಬಾಗಿಲು ಮುಚ್ಚಿಸಿ, ಪಿಂಕರ್ಟನ್ ಸಂಸ್ಥೆಯ ಸುಮಾರು 300 ಮಂದಿ ಕಾವಲುಗಾರರನ್ನು ದೋಣಿಗಳಲ್ಲಿ ತರಿಸಿದನು. ಜುಲೈ 6ರಂದು ನಡೆದ ಕಾಳಗದಲ್ಲಿ ಎರಡು ಕಡೆಯವರೂ ಪ್ರಾಣ ಕಳೆದುಕೊಂಡರು. ಸರಕಾರದ ಸೈನ್ಯವು ಬಂದಿತು. ಹೊಸ ಆಳುಗಳು ಕೆಲಸಕ್ಕೆ ಸೇರಿದರು. ನವೆಂಬರಿನೊಳಗೆ ಸಂಘವು ಮುರಿದುಬಿದ್ದಿತು. ಹೊಸಬರಿಂದ ಕಾರಖಾನೆಯನ್ನು ನಡೆಸಹೊರಟುದೇ ತಪ್ಪೆಂದು ಕಾರ್ನೆಗಿಯು ಗ್ಲಾಡ್‌ಸ್ಟನ್ನನಿಗೆ ಬರೆದ ಕಾಗದದಲ್ಲಿ ಒಪ್ಪಿಕೊಂಡನು. ಈ ಗಾಯವು ಮಾಯಲಿಲ್ಲವೆಂಬುದಕ್ಕೆ ಆತನ ಮರಣಾನಂತರ ಪ್ರಕಟವಾದ ಆತ್ಮಕಥೆಯೂ ಸಾಕ್ಷಿಯಾಗಿದೆ.

1901ರಲ್ಲಿ ಕಾರ್ನೆಗಿಯು ತನ್ನ ಉದ್ಯಮವನ್ನು ಜೆ. ಪಿ. ಮಾರ್ಗನ್ನನಿಗೆ 48 ಕೋಟಿ ಡಾಲರಿಗೆ ಮಾರಿದನು. ಕೂಡಲೇ ತನ್ನ ಕಾರಖಾನೆಗಳ ಕೂಲಿಗಾರರ ಸಹಾಯನಿಧಿಗೆ 40 ಲಕ್ಷ ಡಾಲರುಗಳನ್ನಿತ್ತನು. ನಾನಾ ದೇಶಗಳಲ್ಲಿ ಆತನ ಧನದಿಂದೆದ್ದ ಪುಸ್ತಕಾಲಯಗಳು ಎರಡೂವರೆ ಸಾವಿರಕ್ಕೆ ಮಿಗಿಲು. ಕಟ್ಟಡವನ್ನು ಸುಮ್ಮನೆ ಕೊಡುವುದು ಆತನ ಪದ್ಧತಿಯಲ್ಲ. ಊರಿನವರು ನಿವೇಶನವನ್ನು ಒದಗಿಸಿ, ಕೊಟ್ಟ ಹಣದ ಹತ್ತನೆಯ ಒಂದು ಪಾಲನ್ನು ವರ್ಷವರ್ಷವೂ ಅದರ ನಿರ್ವಹಣಕ್ಕೆ ತೆಗೆದಿಡಬೇಕಾಗಿತ್ತು. 1919ರಲ್ಲಿ ಮರಣ ಹೊಂದುವಷ್ಟರಲ್ಲಿ ಆತನು ಸುಮಾರು 35 ಕೋಟಿ ಡಾಲರುಗಳನ್ನು ದಾನಮಾಡಿದ್ದನು.

ಹೋಮ್‌ಸ್ಟೆಡ್ಡಿನಲ್ಲಿಯೂ 1898ರಲ್ಲಿ ಆತನ ಪುಸ್ತಕಾಲಯವು ತೆರೆಯಿತು. ಆದರೆ ಸಂಘವು ಮುರಿದ ಮೇಲೆ ಅಲ್ಲಿಯ ಉಕ್ಕಿನ ಆಳುಗಳಲ್ಲಿ ಬಹುಮಂದಿಗೆ ದಿನಕ್ಕೆ ಹನ್ನೆರಡು ಗಂಟೆಗಳ ದುಡಿಮೆಯಾಯಿತು. ಆ ಪದ್ಧತಿಯು 1923ರವರೆಗೂ ತೊಲಗಲಿಲ್ಲ. ಕುಲುಮೆಯ ಮುಂದೆ ಅಷ್ಟು ಹೊತ್ತು ಬೆಂದು ಬಂದವನಿಗೆ ಪುಸ್ತಕವನ್ನು ಹಿಡಿಯುವ ತ್ರಾಣವೆಲ್ಲಿಯದು? ಆಂಡರ್ಸನ್ನನ ಪುಸ್ತಕವು ಬಡಹುಡುಗನಿಗೆ ಫಲಿಸಿದುದು ಅದನ್ನೋದಲು ಅವನಿಗೆ ಕೊಂಚ ಬಿಡುವಿದ್ದುದರಿಂದ. ಪುಸ್ತಕದ ಬೆಲೆಯನ್ನು ಕಾರ್ನೆಗಿಯಂತೆ ಅರಿತ ಧನಿಕರು ಕಡಮೆ. ಬಿಡುವಿನ ಬೆಲೆಯನ್ನು ಮಾತ್ರ ತನ್ನ ಆಳುಗಳ ವಿಷಯದಲ್ಲಿ ಆತನು ಎಣಿಸದೆ ಹೋದನು. ಲೋಕವು ಆತನಿಂದ ಪಡೆದ ಉಪಕಾರವು ದೊಡ್ಡದು; ಆದರೆ ಅದರ ಬೆಲೆಯನ್ನು ತೆತ್ತವರಲ್ಲಿ ಹೋಮ್‌ಸ್ಟೆಡ್ಡಿನ ಕೂಲಿಗಾರರೂ ಸೇರಿದ್ದರೆಂಬುದನ್ನು ಚರಿತ್ರೆಯು ಮರೆಯಲಾಗದು.